ಸಮಾಜಶಾಸ್ತ್ರದ ವಿದ್ಯಾರ್ಥಿಯೂ ಅವನ ಊರೂ

ಪ್ರೌಢವ್ಯಾಸಂಗಕ್ಕಾಗಿ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕುವ ವಿದ್ಯಾರ್ಥಿಯು ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾಗುತ್ತದೆ. ಇದುವರೆಗೆ ಏನನ್ನು ಓದಿರುವಿರಿ ಎಂಬುದು ಮೊದಲನೆಯದು. ಇನ್ನು ಮುಂದೆ ಏನನ್ನು ಶೋಧಿಸಬೇಕೆಂದಿರುವಿರಿ ಎಂಬುದು ಎರಡನೆಯದು. ಮೊದಲನೆಯದನ್ನು ಅವನು ಒಂದೇ ಉಸಿರಿನಲ್ಲಿ ಮುಗಿಸುತ್ತಾನೆ. ಶಾಲೆಯ ಹೆಸರು, ಕಾಲೇಜಿನ ಹೆಸರು, ತೇರ್ಗಡೆಯಾದ ವರ್ಷ, ಬಂದ ದರ್ಜೆ, ಇಷ್ಟನ್ನು ಬರೆದರೆ ಅದು ಪೂರ್ತಿಯಾಯಿತು. ಎರಡನೆಯದರ ಎದುರಿಗೆ ಲೇಖನಿ ತಡೆಯುತ್ತದೆ. ಆಗ ಅವನು ಮಾಡುವುದೇನು? ಗ್ರಂಥಭಂಡಾರಕ್ಕೆ ಹೋಗಿ ಹಿಂದಿನವರು ಬರೆದಿಟ್ಟ ಪ್ರಬಂಧಗಳ ಹೆಸರುಗಳನ್ನು ನೋಡುತ್ತಾನೆ. ಅವುಗಳಲ್ಲಿ ಒಂದನ್ನು ಆರಿಸಿ, ಜಿಲ್ಲೆಯ ಹೆಸರನ್ನೋ ವರ್ಷವನ್ನೋ ಬದಲಾಯಿಸಿ ಬರೆಯುತ್ತಾನೆ. ಈ ಎರಡು ಉತ್ತರಗಳಿಗೆ ಒಂದಕ್ಕೊಂದು ಏನು ಸಂಬಂಧವೆಂದು ಅವನನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಶ್ರೋತೃಗಳಲ್ಲಿ ಅನೇಕರ ಮನೆಯಲ್ಲಿ ಇಂಥ ವಿದ್ಯಾರ್ಥಿಯೊಬ್ಬನೋ ವಿದ್ಯಾರ್ಥಿನಿಯೊಬ್ಬಳೋ ಇರಬಹುದು. ಆದಕಾರಣ ಈ ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರವು ಹುಟ್ಟುವುದು ಎಲ್ಲಿ ಎಂಬುದನ್ನು ನಾವು ಈ ಹೊತ್ತು ಸ್ವಲ್ಪ ವಿಚಾರ ಮಾಡಿ ನೋಡೋಣ. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಈ ತೊಡಕು ಅಷ್ಟಾಗಿ ಇಲ್ಲ. ಅವನು ಪರೀಕ್ಷಿಸುವ ಲವಣಕ್ಕೂ ಅವನು ಹುಟ್ಟಿದ ಮನೆಗೂ ಸಂಬಂಧವಿಲ್ಲ. ಸಮಾಜಶಾಸ್ತ್ರದ ವಿದ್ಯಾರ್ಥಿಯ ಮಾತು ಬೇರೆ. ಅವನ ಶಾಸ್ತ್ರಕ್ಕೆ ವಸ್ತುವಾದ ಕುಟುಂಬ, ಜಾತಿ, ಭಾಷೆ, ಮದುವೆ, ನೆರೆಹೊರೆ, ಸಾಲ, ಕೂಲಿ ಇವೆಲ್ಲದರ ನಡುವೆಯೇ ಅವನು ಬೆಳೆದಿದ್ದಾನೆ. ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ, ಹೆಸರನ್ನೂ ತಿಳಿಯದೆ, ಈ ಶಾಸ್ತ್ರವನ್ನು ಹದಿನೇಳು ಹದಿನೆಂಟು ವರ್ಷ ಕಲಿತಿದ್ದಾನೆ. ಆ ಕಲಿಕೆಗೆ ಅರ್ಜಿಯಲ್ಲಿ ಸ್ಥಳವಿಲ್ಲ. ಸ್ಥಳವಿಲ್ಲದ್ದನ್ನು ಇಲ್ಲವೆಂದೇ ಎಣಿಸಿಬಿಡುವುದು ನಮ್ಮ ವಿದ್ಯಾಭ್ಯಾಸಕ್ಕೆ ಒದಗಿರುವ ಒಂದು ದೊಡ್ಡ ನಷ್ಟವೆಂದು ನಮ್ಮ ಅಭಿಪ್ರಾಯ.

ಸಮಾಜಶಾಸ್ತ್ರವು ಬಹಳ ಹಳೆಯ ವಿದ್ಯೆಯೇನೂ ಅಲ್ಲ. ಫ್ರಾನ್ಸ್ ದೇಶದ ಆಗಸ್ಟ್ ಕೋಂತ್ ಅದರ ಹೆಸರನ್ನು ರೂಢಿಗೆ ತಂದು ಇನ್ನೂ ಇನ್ನೂರು ವರ್ಷ ತುಂಬಿಲ್ಲ. ನಮ್ಮ ದೇಶದಲ್ಲಿ ಬೊಂಬಾಯಿ ವಿಶ್ವವಿದ್ಯಾನಿಲಯವು 1919ರಲ್ಲಿ ಇದಕ್ಕಾಗಿ ಒಂದು ವಿಭಾಗವನ್ನು ತೆರೆಯಿತು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್ ಅದರ ಮೊದಲ ಮುಖ್ಯಸ್ಥರು. 1924ರಿಂದ ಅದನ್ನು ಜಿ. ಎಸ್. ಘುರ್ಯೆಯವರು ನಡೆಸಿದರು. ಇದಕ್ಕೂ ಮುಂಚಿನ 1916ನೆಯ ವರ್ಷ ನಮ್ಮ ಪ್ರಸಂಗಕ್ಕೆ ವಿಶೇಷವಾಗಿ ನೆನೆಯತಕ್ಕದ್ದಾಗಿದೆ. ಆ ವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರದ ಗೋಷ್ಠಿಯಲ್ಲಿ ಇಪ್ಪತ್ತೈದು ವರ್ಷದ ಭಾರತೀಯ ವಿದ್ಯಾರ್ಥಿಯೊಬ್ಬರು ಜಾತಿಯ ಹುಟ್ಟನ್ನು ಕುರಿತು ಪ್ರಬಂಧ ಓದಿದರು. ಜಾತಿಯ ತಿರುಳು ಇರುವುದು ಒಳಮದುವೆಯ ಕಟ್ಟಿನಲ್ಲಿ ಎಂದು ಅವರು ವಾದಿಸಿದರು. ಆ ವಿದ್ಯಾರ್ಥಿಯೇ ಭೀಮರಾವ್ ಅಂಬೇಡ್ಕರ್. ಈ ವಿಷಯವನ್ನು ಅವರಿಗೆ ಯಾವ ಗ್ರಂಥಭಂಡಾರವೂ ಹುಡುಕಿಕೊಡಬೇಕಾಗಿರಲಿಲ್ಲ. ಶಾಲೆಯಲ್ಲಿ ಮುಟ್ಟಬಾರದವನೆನಿಸಿಕೊಂಡು ಕುಳಿತ ಬಾಲಕನಿಗೆ ಅದು ಜೀವನವೇ ಕೊಟ್ಟ ಪ್ರಶ್ನೆಯಾಗಿತ್ತು. ಕೊಲಂಬಿಯ ಕೊಟ್ಟದ್ದು ಆ ಪ್ರಶ್ನೆಯನ್ನು ಶಾಸ್ತ್ರದ ಮಾತಿನಲ್ಲಿ ಕೇಳುವ ಶಕ್ತಿಯನ್ನು.

ಅದೇ 1916ರ ಜುಲೈ ತಿಂಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ನವೆಂಬರ್ ತಿಂಗಳಲ್ಲಿ ಮೈಸೂರು ನಗರದಲ್ಲಿ ಎಂ. ಎನ್. ಶ್ರೀನಿವಾಸರು ಹುಟ್ಟಿದರು. ಕನ್ನಡನಾಡಿನಿಂದ ಹೊರಟು ಲೋಕವಿಖ್ಯಾತರಾದ ಈ ಸಮಾಜಶಾಸ್ತ್ರಜ್ಞರ ವಿದ್ಯಾರ್ಥಿದೆಸೆಯು ನಮ್ಮ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಅವರ ಮನೆ ಇದ್ದದ್ದು ವಿದ್ಯಾವಂತರು ವಾಸಿಸುವ ಬೀದಿಯಲ್ಲಿ. ಆ ಮನೆಯ ಹಿಂದುಗಡೆಯೇ ಬಂಡಿಕೇರಿ ಎಂಬ, ಕುರುಬ ಜನರು ಹೆಚ್ಚಾಗಿದ್ದ ಕೇರಿ. ಕೆಲವೇ ಗಜಗಳ ದೂರದಲ್ಲಿ ಊಟ, ಮಾತು, ಜಗಳ, ಹಬ್ಬ ಎಲ್ಲವೂ ಬೇರೆಯಾಗಿದ್ದುದನ್ನು ಬಾಲ್ಯದಲ್ಲಿಯೇ ಕಂಡ ಅಚ್ಚರಿಯನ್ನು ಅವರು ಮುಂದೆ ತಮ್ಮ ಬರಹದಲ್ಲಿ ನೆನೆದಿದ್ದಾರೆ. ಮಹಾರಾಜಾ ಕಾಲೇಜಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರವನ್ನು ಆನರ್ಸ್ ವಿಷಯವಾಗಿ ಓದಿ 1936ರಲ್ಲಿ ತೇರ್ಗಡೆಯಾದರು. ಬಳಿಕ ಬೊಂಬಾಯಿಗೆ ಹೋಗಿ ಘುರ್ಯೆಯವರ ಶಿಷ್ಯರಾದರು. ಅಲ್ಲಿ ಎಂ. ಎ. ಪದವಿಗಾಗಿ ಅವರು ಎತ್ತಿಕೊಂಡ ವಿಷಯ ಯಾವುದು? ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬ. ದೊಡ್ಡ ಪಟ್ಟಣಕ್ಕೆ ಹೋದ ಮೇಲೆ ಹುಟ್ಟಿದ ಸೀಮೆಯ ಮದುವೆ ಮನೆಯು ವಿಚಾರಕ್ಕೆ ಯೋಗ್ಯವೆಂದು ತೋರಿತು. ಆ ಪ್ರಬಂಧವು 1942ರಲ್ಲಿ ಪುಸ್ತಕವಾಗಿ ಹೊರಬಿತ್ತು.

ಆದರೆ ಹುಟ್ಟೂರಿನ ಅನುಭವ ಒಂದಿದ್ದರೆ ಸಾಲದು ಎಂಬುದಕ್ಕೂ ಅದೇ ಮಹನೀಯರ ಜೀವನದಲ್ಲಿ ನಿದರ್ಶನವಿದೆ. ಅವರು ಡಾಕ್ಟರ್ ಪದವಿಗಾಗಿ ಕೊಡಗಿನ ಜನರನ್ನು ಕುರಿತು ಬೊಂಬಾಯಿಯಲ್ಲಿ ಬೃಹತ್ತಾದ ಪ್ರಬಂಧವೊಂದನ್ನು ರಚಿಸಿದ್ದರು. ಅದರಲ್ಲಿ ಆಚಾರ, ಹಬ್ಬ, ಮದುವೆ, ಶವಸಂಸ್ಕಾರ, ಎಲ್ಲದರ ವಿವರವೂ ತುಂಬಿತ್ತು. 1945ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಅಲ್ಲಿಯ ರ‍್ಯಾಡ್‌ಕ್ಲಿಫ್ ಬ್ರೌನರು ಅದೇ ಸಾಮಗ್ರಿಯನ್ನು ಮತ್ತೆ ಪರಿಶೀಲಿಸುವಂತೆ ಅವರಿಗೆ ಸೂಚಿಸಿದರು. ಸಾಮಗ್ರಿ ಹಳೆಯದೇ, ಪ್ರಶ್ನೆ ಮಾತ್ರ ಹೊಸದು. ಈ ಆಚಾರಗಳು ಕೊಡವರ ಒಕ್ಕವನ್ನು, ಗ್ರಾಮವನ್ನು, ನಾಡನ್ನು ಒಟ್ಟುಗೂಡಿಸಿ ಹಿಡಿದಿರುವುದು ಹೇಗೆ ಎಂದು ಕೇಳಿದೊಡನೆ, ಚೆದುರಿಬಿದ್ದಿದ್ದ ವಿವರಗಳೆಲ್ಲ ಒಂದು ಕಟ್ಟಡದ ಕಲ್ಲುಗಳಂತೆ ತಮ್ಮ ತಮ್ಮ ಸ್ಥಾನಕ್ಕೆ ಬಂದು ಕೂತವು. 1952ರಲ್ಲಿ ಅಚ್ಚಾದ ಆ ಗ್ರಂಥದಿಂದಲೇ ಸಂಸ್ಕೃತೀಕರಣವೆಂಬ ಪಾರಿಭಾಷಿಕ ಪದವು ಲೋಕದ ವಿದ್ವಾಂಸರ ಬಾಯಲ್ಲಿ ನೆಲೆಸಿತು. ಕೆಳಗಿನ ಮೆಟ್ಟಿಲಲ್ಲಿರುವ ಜಾತಿಯು ಮೇಲಿನವರ ಆಹಾರ ಆಚಾರಗಳನ್ನು ಅನುಸರಿಸಿ, ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನವನ್ನು ಕೇಳುವುದೇ ಇದರ ಅರ್ಥ. ಹಳ್ಳಿಯಲ್ಲಿ ಬೆಳೆದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಕಂಡದ್ದಕ್ಕೆ ಹೆಸರಿಟ್ಟು, ಇತರ ಕಡೆಯ ಸಂಗತಿಗಳೊಡನೆ ಹೋಲಿಸಿ, ಇದು ಹೀಗೇಕೆ ಎಂದು ಕೇಳುವುದಕ್ಕೆ ಶಿಕ್ಷಣ ಬೇಕು. ಅನುಭವವಿಲ್ಲದ ಶಿಕ್ಷಣವು ಬರಿಯ ಪಾತ್ರೆ. ಶಿಕ್ಷಣವಿಲ್ಲದ ಅನುಭವವು ಪಾತ್ರೆಯಿಲ್ಲದ ನೀರು.

ಈ ತತ್ತ್ವವನ್ನು ನಾವು ಒಂದು ಊರಿಗೆ ಅನ್ವಯಿಸಿ ನೋಡೋಣ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಆಂಧ್ರಪ್ರದೇಶದ ಗಡಿಯ ಸಮೀಪಕ್ಕೆ ರಾಯಲ್ಪಾಡು ಎಂಬ ಹೋಬಳಿ ಕೇಂದ್ರವಿದೆ. ಅಲ್ಲಿಂದ ಮುಂದೆ ಮದನಪಲ್ಲಿಯ ಸೀಮೆ. ಈ ಭಾಗದಲ್ಲಿ ಹಳ್ಳಿ ಎಂದು ಮುಗಿಯುವ ಊರುಗಳ ಮಗ್ಗುಲಿಗೇ ಗೌನಿಪಲ್ಲಿಯಂತೆ ಪಲ್ಲಿ ಎಂದು ಮುಗಿಯುವ ಊರುಗಳೂ ಇವೆ. ಅನೇಕ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಪಾಠ ಕನ್ನಡ, ಕಚೇರಿಯ ಅರ್ಜಿ ಕನ್ನಡ, ನೆರೆಯಲ್ಲಿ ಉರ್ದು. ಇಂಥ ಊರಿನಿಂದ ಒಬ್ಬ ವಿದ್ಯಾರ್ಥಿನಿಯು ಸಮಾಜಶಾಸ್ತ್ರವನ್ನು ಓದಲು ಹೊರಟಳೆಂದು ಭಾವಿಸೋಣ. ಈಗ ಅವಳು ದೂರ ಹೋಗಬೇಕಾದದ್ದೂ ಇಲ್ಲ. ಬೆಂಗಳೂರು ವಿಶ್ವವಿದ್ಯಾನಿಲಯವನ್ನು ವಿಭಾಗಿಸಿದ ಮೇಲೆ 2017ರಿಂದ ಕೋಲಾರದಲ್ಲಿಯೇ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವು ನಡೆಯುತ್ತಿದೆ. ಪಟ್ಟಣದ ತರಗತಿಯಲ್ಲಿ ಕುಳಿತಾಗ ಅವಳಿಗೆ ಮೊದಲು ಉಂಟಾಗುವ ಭಾವ ಯಾವುದು? ತನ್ನ ಕನ್ನಡದಲ್ಲಿ ತೆಲುಗಿನ ಎಳೆ ಕೇಳಿಸುತ್ತದೆಯೆಂಬ ಸಂಕೋಚ. ತಾನು ಬಂದ ಮನೆಯನ್ನು ಮರೆಸಿಡುವುದೇ ವಿದ್ಯಾವಂತಿಕೆಯೆಂದು ಅವಳು ತಿಳಿಯುವ ಅಪಾಯ ಇರುವುದು ಇಲ್ಲಿಯೇ. ಹಾಗೆ ತಿಳಿದಳೆಂದರೆ ಅವಳ ಕೈಯಲ್ಲಿದ್ದ ಬಹುಮುಖ್ಯವಾದ ಸಾಧನವನ್ನು ಅವಳೇ ಬಿಸಾಡಿದಂತೆ.

ಸಾಧನವೆಂದು ನಾವು ಏಕೆ ಹೇಳುತ್ತೇವೆಂಬುದನ್ನು ವಿವರಿಸಬೇಕು. ಭಾಷೆಯ ಸಂಗತಿಯನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಲ್ಲಿ ಪ್ರತಿಯೊಬ್ಬರಿಗೂ ಮಾತೃಭಾಷೆಯಾಗಿ ಒಂದು ಭಾಷೆಯನ್ನೂ, ಬಲ್ಲ ಬೇರೆ ಭಾಷೆಗಳಾಗಿ ಎರಡನ್ನೂ ಬರೆದುಕೊಂಡರು. ಇದರಿಂದ ಎಷ್ಟು ಮಂದಿ ತೆಲುಗಿನವರು, ಎಷ್ಟು ಮಂದಿ ಕನ್ನಡದವರು ಎಂಬ ಲೆಕ್ಕ ಸಿಕ್ಕುತ್ತದೆ. ಆದರೆ ತಾಯಿಯೊಡನೆ ಯಾವ ಮಾತು, ದೇವರ ಮುಂದೆ ಯಾವ ಮಾತು, ದನವನ್ನು ಗದರಿಸುವುದು ಯಾವ ಮಾತಿನಲ್ಲಿ, ಸಾಲಗಾರನೊಡನೆ ವಾದಿಸುವುದು ಯಾವುದರಲ್ಲಿ, ಕೋಪ ಬಂದಾಗ ಒಂದರಿಂದ ಇನ್ನೊಂದಕ್ಕೆ ಹೊರಳುವುದು ಯಾವಾಗ, ಇದಾವುದೂ ಆ ಲೆಕ್ಕದಲ್ಲಿ ಇಲ್ಲ. ರಾಯಲ್ಪಾಡಿನ ಹುಡುಗಿಗೆ ಇದೆಲ್ಲವೂ ಉಸಿರಿನಷ್ಟು ಸಹಜ. ಹೊರಗಿನಿಂದ ಬಂದವನು ವರ್ಷವಿಡೀ ಕಿವಿಗೊಟ್ಟು ಕಲಿಯಬೇಕಾದದ್ದು ಇವಳಿಗೆ ಮೊದಲ ದಿನವೇ ವಶವಾಗಿದೆ.

ಬಂಧುತ್ವದ ಮಾತೂ ಹಾಗೆಯೇ. ಅತ್ತೆಯೆಂದರೆ ತಂದೆಯ ಸಹೋದರಿಯೂ ಹೌದು, ಗಂಡನ ತಾಯಿಯೂ ಹೌದು. ಮಾವನೆಂದರೆ ತಾಯಿಯ ಸಹೋದರನೂ ಹೌದು, ಹೆಂಡತಿಯ ತಂದೆಯೂ ಹೌದು. ಸೋದರತ್ತೆಯ ಮಗನನ್ನೋ ಸೋದರಮಾವನನ್ನೋ ಮದುವೆಯಾಗುವ ವಾಡಿಕೆಯು ಈ ಪದಗಳಲ್ಲಿಯೇ ಅಡಗಿದೆ. ತೆಲುಗಿನಲ್ಲಿ ಪದ ಬೇರೆಯಾದರೂ ಜೋಡಣೆ ಇದೇ. ನಾವು ದಿನವೂ ಆಡುವ ಈ ಮಾತುಗಳು ಲೋಕದ ಶಾಸ್ತ್ರಜ್ಞರನ್ನು ಎಷ್ಟು ಬೆರಗುಗೊಳಿಸಿದುವೆಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ತಿಳಿಯದು. ಅಮೆರಿಕದ ಲೂಯಿಸ್ ಮಾರ್ಗನ್ನನು 1871ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ತಮಿಳು, ತೆಲುಗು, ಕನ್ನಡಗಳ ಬಂಧುವಾಚಕ ಪದಗಳನ್ನು ಪಟ್ಟಿಮಾಡಿ, ಅಮೆರಿಕದ ಮೂಲನಿವಾಸಿಗಳಾದ ಇರೊಕ್ವಾಯಿ ಜನರ ಪದ್ಧತಿಯೊಡನೆ ಹೋಲಿಸಿದನು. ಆ ಚರ್ಚೆ ಇಂದಿಗೂ ಮುಗಿದಿಲ್ಲ. ಇನ್ನು ರಾಯಲ್ಪಾಡಿನ ಕಡೆ ಇದಕ್ಕೆ ಮತ್ತೊಂದು ಮುಖವುಂಟು. ಈ ಗಡಿಯ ಒಂದು ಪಕ್ಕ ಮೈಸೂರು ಸಂಸ್ಥಾನವೂ ಇನ್ನೊಂದು ಪಕ್ಕ ಮದರಾಸು ಪ್ರಾಂತ್ಯವೂ ಇದ್ದ ಕಾಲ ಹೋಯಿತು. 1953ರಲ್ಲಿ ಆಂಧ್ರ ರಾಜ್ಯವಾಯಿತು. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳ ಪುನರ್ವಿಂಗಡಣೆಯಾಯಿತು. ಒಂದೇ ಬಂಧುಬಳಗದ ಮಕ್ಕಳು ಗಡಿಯ ಈಚೆ ಕನ್ನಡವನ್ನೂ ಆಚೆ ತೆಲುಗನ್ನೂ ಶಾಲೆಯಲ್ಲಿ ಓದುವಂತಾದ ಮೇಲೆ ಹೆಣ್ಣು ಕೊಡುವ ತರುವ ವಾಡಿಕೆ ಹೇಗಾಯಿತು? ಗಡಿಯನ್ನು ದಾಟಿ ಬಂದ ಸೊಸೆಯು ಮಕ್ಕಳ ಪಾಠಕ್ಕೆ ಹೇಗೆ ನೆರವಾಗುತ್ತಾಳೆ? ಇವು ಮಹಾಪ್ರಬಂಧಕ್ಕೆ ಯೋಗ್ಯವಾದ ಪ್ರಶ್ನೆಗಳು. ಇವನ್ನು ಕೇಳಬೇಕೆಂದು ಅವಳ ಅಜ್ಜಿಯ ಮಾತನ್ನು ಕೇಳಿದವಳಿಗೇ ಮೊದಲು ಹೊಳೆಯುತ್ತದೆ.

ನೀರಿನ ವಿಷಯವನ್ನೂ ನೋಡಿ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳೇ ಅದರ ಜೀವನ. ತೂಬನ್ನು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವುದು ನೀರಗಂಟಿಯ ಕೆಲಸವಾಗಿತ್ತು. ಕೊಳವೆಬಾವಿ ಬಂದ ಮೇಲೆ ಊರಿನ ನೀರು ಒಬ್ಬೊಬ್ಬರ ನೀರಾಯಿತು. ಬಾವಿಗಳು ಸಾವಿರ ಅಡಿಗಳನ್ನೂ ಮೀರಿ ಇಳಿದವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೋರಮಂಗಲ ಚಲ್ಲಘಟ್ಟ ಕಣಿವೆಯ ಯೋಜನೆ ನಡೆದಿದೆ. ಕೆರೆ ತುಂಬಿತೆಂದು ಸಂತೋಷಪಡುವವರೂ, ಅದು ಎಂಥ ನೀರೆಂದು ಕೇಳುವವರೂ ಇದ್ದಾರೆ. ನೀರಿನ ಗುಣವನ್ನು ರಸಾಯನಶಾಸ್ತ್ರಜ್ಞರು ಹೇಳಲಿ. ಆದರೆ ತೂಬಿನ ಬಳಿ ಈಗ ಯಾರ ಮಾತು ನಡೆಯುತ್ತದೆ, ನೀರಗಂಟಿಯ ಮನೆತನದವರು ಏನಾದರು, ಪಟ್ಟಣವು ಬಿಟ್ಟ ನೀರನ್ನು ಹಳ್ಳಿ ಯಾವ ಮನಸ್ಸಿನಿಂದ ತೆಗೆದುಕೊಂಡಿತು ಎಂಬುದನ್ನು ಹೇಳಬೇಕಾದವರು ಸಮಾಜಶಾಸ್ತ್ರದ ವಿದ್ಯಾರ್ಥಿಗಳು. ಶ್ರೀನಿವಾಸಪುರ ಪ್ರಸಿದ್ಧವಾಗಿರುವುದು ಮಾವಿಗೆ. ಹಣ್ಣಿನ ಧಾರಣೆಯನ್ನು ಪತ್ರಿಕೆಗಳು ಪ್ರಕಟಿಸುತ್ತವೆ. ತೋಪನ್ನು ಕಾಯುವವರು, ಕಾಯಿ ಕೀಳುವವರು, ಮಂಡಿಯಲ್ಲಿ ಬೆಲೆ ಕಟ್ಟುವವರು, ಇವರ ನಡುವಣ ನಂಬಿಕೆ ಮತ್ತು ಸಾಲಗಳ ಬಲೆಯನ್ನು ಬರೆಯುವವರು ಬೇಕು.

ಹೀಗೆಂದ ಮಾತ್ರಕ್ಕೆ ಊರಿನವರೇ ಊರನ್ನು ಅಭ್ಯಾಸಮಾಡಬೇಕು, ಹೊರಗಿನವರಿಗೆ ಅಲ್ಲಿ ಕೆಲಸವಿಲ್ಲ ಎಂದು ನಾವು ಹೇಳುವುದಿಲ್ಲ. ವಿಯನ್ನಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಓದಿದ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಹಿಳೆಯು ಸಂಶೋಧನ ವಿದ್ಯಾರ್ಥಿನಿಯಾಗಿ 1954ರಿಂದ 1956ರ ವರೆಗೆ ಮಂಡ್ಯದ ಸೀಮೆಯ ಎರಡು ಹಳ್ಳಿಗಳಲ್ಲಿ ನೆಲೆಸಿದ್ದರು. ಅವುಗಳ ನಿಜವಾದ ಹೆಸರನ್ನು ಮರೆಸಿ ವಂಗಲ, ದಲೇನ ಎಂದು ಕರೆದರು. ಒಂದಕ್ಕೆ ನಾಲೆಯ ನೀರು ಬಂದಿತ್ತು. ಇನ್ನೊಂದರ ಭೂಮಿ ನಾಲೆಗಿಂತ ಎತ್ತರದಲ್ಲಿದ್ದುದರಿಂದ ನೀರು ಏರಲಿಲ್ಲ. ನೀರು ಬಂದ ಹಳ್ಳಿ ಬಹಳವಾಗಿ ಬದಲಾಯಿತೆಂದು ಯಾರಾದರೂ ಊಹಿಸಿಯಾರು. ಅವರು ಕಂಡದ್ದು ಬೇರೆ. ನೀರು ಬಂದ ಹಳ್ಳಿಯವರು ಕಬ್ಬು ಬೆಳೆದು ಸ್ಥಿತಿವಂತರಾದರೂ ಹಳೆಯ ಸಂಬಂಧಗಳು ಹೆಚ್ಚು ಕದಲಲಿಲ್ಲ. ನೀರಿಲ್ಲದ ಹಳ್ಳಿಯವರು ಪಟ್ಟಣದ ನೌಕರಿ, ವ್ಯಾಪಾರಗಳನ್ನು ಹುಡುಕಿ ಹೊರಟರು. ಬದಲಾವಣೆ ಆಳವಾಗಿ ಆದದ್ದು ಅಲ್ಲಿ. ನದಿಯಿಲ್ಲದ ಕೋಲಾರದ ಜನರು ಒಂದು ಕಾಲಕ್ಕೆ ಚಿನ್ನದ ಗಣಿಯನ್ನು ನೋಡಿದರು. ಆ ಗಣಿ 2001ರಲ್ಲಿ ಮುಚ್ಚಿತು. ಈಗ ನರಸಾಪುರದ ಕಾರ್ಖಾನೆಗಳಿಗೂ ಬೆಂಗಳೂರಿಗೂ ಹೋಗುವವರನ್ನು ಕಾಣುವಾಗ, ಆ ಮಹಿಳೆಯ ಪ್ರಶ್ನೆ ಇಲ್ಲಿಗೂ ಸಲ್ಲುವುದೆಂದು ತೋರುತ್ತದೆ. ರಾಯಲ್ಪಾಡಿನ ವಿದ್ಯಾರ್ಥಿನಿಯು ಇಂಥ ಗ್ರಂಥಗಳನ್ನು ಓದಬೇಕಾದದ್ದು ವಿಷಯವನ್ನು ಎರವಲು ತರುವುದಕ್ಕಾಗಿ ಅಲ್ಲ; ತನ್ನ ಊರಿಗೆ ಜೊತೆಯ ಊರೊಂದನ್ನು ಸಂಪಾದಿಸುವುದಕ್ಕಾಗಿ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ನನ್ನ ಊರು ಎಂದೊಡನೆ ಊರೆಲ್ಲ ನನಗೆ ಗೊತ್ತು ಎಂದಾಗುವುದಿಲ್ಲ. ಊರು ಒಂದೇ ಆದರೂ ಅದನ್ನು ನೋಡುವ ಬಾಗಿಲುಗಳು ಹಲವು. ಶ್ರೀನಿವಾಸರು 1948ರಲ್ಲಿ ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ವಾಸಮಾಡಿ, ಅದನ್ನು ರಾಂಪುರವೆಂಬ ಹೆಸರಿನಿಂದ ವರ್ಣಿಸಿದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೊಠಡಿಯಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು, ಅವರು ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಬಳಿಕ ಬಹುಮಟ್ಟಿಗೆ ನೆನಪಿನ ಬಲದಿಂದಲೇ ಅವರು ಬರೆದ ಗ್ರಂಥವು 1976ರಲ್ಲಿ ಹೊರಬಂತು. ತಾವು ಊರಿನ ಗೌಡರ ಆಶ್ರಯದಲ್ಲಿ ಇದ್ದುದರಿಂದ ಮೇಲುಜಾತಿಯ ಭೂಮಿವಂತರ ಕಣ್ಣಿನಿಂದಲೇ ಹಳ್ಳಿಯನ್ನು ಹೆಚ್ಚಾಗಿ ನೋಡಿದಂತಾಯಿತೆಂದು ಅದರಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅಷ್ಟು ದೊಡ್ಡ ವಿದ್ವಾಂಸರು ಆಡಿದ ಈ ಮಾತು ಪ್ರತಿಯೊಬ್ಬ ವಿದ್ಯಾರ್ಥಿಯ ಕಿವಿಯಲ್ಲಿ ಇರತಕ್ಕದ್ದು. ಯಾವ ಮನೆಯ ಜಗುಲಿಯ ಮೇಲೆ ಕುಳಿತು ಬರೆದುಕೊಂಡೆವು, ಯಾವ ಕೇರಿಗೆ ಹೋಗಲು ಹಿಂಜರಿದೆವು, ಯಾವ ಬಾವಿಯ ಬಳಿ ನಮ್ಮನ್ನು ಕಂಡು ಮಾತು ನಿಂತಿತು, ಇವೆಲ್ಲವೂ ಸಂಶೋಧನೆಯ ಭಾಗ. ಹೆಣ್ಣುಮಗಳಾದ್ದರಿಂದ ಅಡಿಗೆಮನೆಯ ಬಾಗಿಲು ಅವಳಿಗೆ ತೆರೆದಿರುತ್ತದೆ. ಪಂಚಾಯಿತಿಯ ಕಟ್ಟೆ ತೆರೆಯದೆ ಇರಬಹುದು. ಅವಳು ಹುಟ್ಟಿದ ಜಾತಿಯು ಒಂದು ಬೀದಿಯನ್ನು ತೆರೆದರೆ ಇನ್ನೊಂದನ್ನು ಮುಚ್ಚುತ್ತದೆ. ಅದನ್ನು ಮರೆಮಾಚದೆ ಬರೆಯುವುದೇ ಪ್ರಾಮಾಣಿಕತೆ.

ಕೊನೆಯದಾಗಿ ಒಂದು ಮಾತು. ಹಳ್ಳಿಯ ಜನರು ವಿದ್ಯಾರ್ಥಿಗೆ ತಮ್ಮ ಹೊತ್ತನ್ನು ಕೊಡುತ್ತಾರೆ, ಕಾಫಿ ಕೊಡುತ್ತಾರೆ, ಮನೆಯ ಕಷ್ಟಸುಖವನ್ನು ಹೇಳುತ್ತಾರೆ. ಇದಕ್ಕೆ ಪ್ರತಿಯಾಗಿ ಅವರಿಗೆ ಸಿಕ್ಕುವುದೇನು? ಪ್ರಬಂಧವು ಇಂಗ್ಲಿಷಿನಲ್ಲಿ ರಚಿತವಾಗಿ, ದಪ್ಪ ರಟ್ಟು ಕಟ್ಟಿಸಿಕೊಂಡು, ವಿಶ್ವವಿದ್ಯಾನಿಲಯದ ಕಪಾಟಿನಲ್ಲಿ ಕುಳಿತುಬಿಟ್ಟರೆ ಆ ಜನರ ಪಾಲಿಗೆ ಅದು ಇಲ್ಲದಂತೆಯೇ. ಯಾರ ಬಾಳನ್ನು ಕುರಿತು ಬರೆದಿದೆಯೋ ಅವರು ಅದನ್ನು ಕೇಳಿ, ಇದು ಸರಿ, ಇದು ಹೀಗಲ್ಲ ಎಂದು ಹೇಳುವ ಅವಕಾಶ ಇರಬೇಕು. ಅದು ಉಪಕಾರಸ್ಮರಣೆಯೂ ಹೌದು, ಪರೀಕ್ಷೆಯೂ ಹೌದು. ಆ ಪರೀಕ್ಷೆಯನ್ನು ಯಾವ ಪರೀಕ್ಷಕ ಮಂಡಲಿಯೂ ಮಾಡಲಾರದು. ರಾಯಲ್ಪಾಡಿನ ವಿದ್ಯಾರ್ಥಿನಿಯು ತನ್ನ ಪ್ರಬಂಧದ ತಿರುಳನ್ನು ಕನ್ನಡದಲ್ಲಿ ಬರೆದು, ಊರಿನ ಕಟ್ಟೆಯ ಮೇಲೆ ತೆಲುಗಿನಲ್ಲಿ ವಿವರಿಸಿ ಹೇಳಬಲ್ಲಳು. ಈ ಎರಡು ಕೆಲಸಗಳನ್ನೂ ಮಾಡಬಲ್ಲವರು ನಮ್ಮ ನಾಡಿನ ವಿದ್ವಾಂಸರಲ್ಲಿ ಹೆಚ್ಚು ಮಂದಿ ಇಲ್ಲ.

ಆದ್ದರಿಂದ ತಂದೆತಾಯಿಗಳಲ್ಲಿಯೂ ಅಧ್ಯಾಪಕರಲ್ಲಿಯೂ ನಮ್ಮ ಬಿನ್ನಹ ಇಷ್ಟೆ. ನಿಮ್ಮ ಮನೆಯ ವಿದ್ಯಾರ್ಥಿಯು ವಿಷಯ ಸಿಕ್ಕಲಿಲ್ಲವೆಂದು ಕೊರಗುತ್ತಿದ್ದರೆ, ಗ್ರಂಥಗಳ ಪಟ್ಟಿಯನ್ನು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ ನೋಡಿರಿ: ನೀನು ಬೆಳೆದ ಊರಿನಲ್ಲಿ, ಎಲ್ಲರೂ ಸಹಜವೆಂದು ಸುಮ್ಮನಿರುವ ಯಾವ ಸಂಗತಿಯನ್ನು ಕಂಡು ನಿನಗೆ ಸುಮ್ಮನಿರಲಾಗಲಿಲ್ಲ? ಉತ್ತರ ತಡವಾಗಿ ಬರಲಿ, ತೊದಲಿ ಬರಲಿ, ಎರಡು ಭಾಷೆ ಬೆರೆತು ಬರಲಿ, ಅದನ್ನು ತಾಳ್ಮೆಯಿಂದ ಕೇಳಿರಿ. ಗ್ರಂಥಗಳ ಪಟ್ಟಿಯನ್ನು ಆಮೇಲೆ ಕೊಡಬಹುದು.